ಹಿರಿಮಗನಿಗೆ ಕೇಳಿಸಿದ ಸದ್ದು: ಬಳ್ಳಾರಿಯ ಒಂದು ಕ್ರೈಸ್ತ ಜಾನಪದ–ರಾಕ್ ತಂಡದ ಮೊದಲ ಆಲ್ಬಂ, ಒಂದು ಪ್ರಕರಣ ಅಧ್ಯಯನ

ಎಂಟು ಹಾಡುಗಳ ಆಲ್ಬಂ ಒಂದರಲ್ಲಿ ಏಳು ಹಾಡುಗಳ ಧ್ವನಿಮುದ್ರಣ ಮುಗಿದು, ಉಳಿದ ಒಂದು ಹಾಡಿನ ಒಂದೇ ಒಂದು ವಾದ್ಯದ, ಹಲಗೆ ಎಂಬ ಚರ್ಮವಾದ್ಯದ, ಸಲುವಾಗಿ ಇಡೀ ಆಲ್ಬಂ ಐದು ತಿಂಗಳು ಹೊರಬರದೆ ನಿಂತ ಪ್ರಕರಣವಿದು. ತಂಡ ಬಳ್ಳಾರಿಯದು. ಅದರ ಹೆಸರನ್ನಾಗಲಿ, ಅದರಲ್ಲಿರುವ ಐವರ ಹೆಸರನ್ನಾಗಲಿ, ಅವರ ಸಭೆ, ಅಂದರೆ ಚರ್ಚಿನ ಕೂಟ, ಯಾವುದೆಂಬುದನ್ನಾಗಲಿ ನಾನು ಬರೆಯುವುದಿಲ್ಲ. ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ. ನಾನು ಆ ಸಭೆಯವನಲ್ಲ. ಹಾಡುಗಳನ್ನು ಮುದ್ರಿಸಿ, ಮಿಕ್ಸ್ ಮಾಡಿ ಕೊಡಲು ಒಪ್ಪಿಕೊಂಡವನು ಮಾತ್ರ. ಹೀಗಾಗಿ ಜಗಳದ ಹೊರಗೆ ನಿಂತು ಎರಡೂ ಕಡೆಯ ಮಾತು ಕೇಳುವ ಅವಕಾಶ ಸಿಕ್ಕಿತು. ಕೊನೆಗೆ ಒಂದು ಪಕ್ಷಕ್ಕೆ ನಾನೂ ಸ್ವಲ್ಪ ವಾಲಿದೆನೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತಂಡದವರಲ್ಲಿ ಹಾಡುವವನು ಶಾಲಾ ಶಿಕ್ಷಕ, ಗಿಟಾರ್ ಸಹ ಅವನದೇ. ಬೇಸ್ ಗಿಟಾರಿನವನು ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕಟಿಂಗ್ ಮಾಸ್ತರ. ಡ್ರಮ್ಸ್ ಬಾರಿಸುವವನು ತೋರಣಗಲ್ಲಿನ ಕಡೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ; ಅವನ ಶಿಫ್ಟ್ ನೋಡಿಕೊಂಡೇ ನಮ್ಮ ರಿಯಾಜಿನ ದಿನ ಗೊತ್ತಾಗಬೇಕಿತ್ತು. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ನರ್ಸ್, ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದವರ ಮಗಳು. ಐದನೆಯವಳು ಹಾಡು ಕಟ್ಟುವವಳು, ಕಾಲೇಜಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ಹುಡುಗಿ. ಪ್ರಕರಣದ ಮೂಲ ಇರುವುದು ಈಕೆ ಬರೆದ ಒಂದು ಸಾಲಿನಲ್ಲಿ.

ಹಿನ್ನೆಲೆ

ಕ್ರೈಸ್ತ ಭಕ್ತಿಗೀತೆಯನ್ನು ರಾಕ್ ಸಂಗೀತದ ಜೊತೆ ಕೂಡಿಸುವ ಪ್ರಯತ್ನ ಹೊಸದಲ್ಲ. ಅಮೆರಿಕದಲ್ಲಿ ಲ್ಯಾರಿ ನಾರ್ಮನ್ 1969ರಲ್ಲಿ ತನ್ನ ಮೊದಲ ಏಕವ್ಯಕ್ತಿ ಆಲ್ಬಂ ತಂದಾಗಲೇ ಅಲ್ಲಿನ ಚರ್ಚುಗಳಲ್ಲಿ ಡ್ರಮ್ಸ್ ಇರಬಹುದೇ ಬಾರದೇ ಎಂಬ ವಾಗ್ವಾದ ಎದ್ದಿತ್ತು. ಉತ್ತರ ಐರ್ಲೆಂಡಿನ ಬ್ಯಾಂಗರ್ ಪಟ್ಟಣದ ರೆಂಡ್ ಕಲೆಕ್ಟಿವ್ ತಂಡ 2010ರಲ್ಲಿ ಮೊದಲ ಆಲ್ಬಂ ತಂದಾಗ ಬ್ಯಾಂಜೊ, ಮ್ಯಾಂಡೊಲಿನ್‌ಗಳಂಥ ಜನಪದ ವಾದ್ಯಗಳು ಆರಾಧನೆಯ ಹಾಡಿನೊಳಗೆ ಸರಾಗವಾಗಿ ಬಂದು ಕೂತವು. ನಮ್ಮ ತಂಡದವರಿಗೆ ಈ ತಂಡವೇ ಮಾದರಿ. ನಮ್ಮಲ್ಲೂ 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಂ ಬಂದು, ಶಿಶುನಾಳ ಶರೀಫರ ಪದ ಗಿಟಾರಿನ ಮೇಲೆ ನಿಲ್ಲಬಲ್ಲದು ಎಂಬುದು ಕನ್ನಡ ಕೇಳುಗರಿಗೆ ರೂಢಿಯಾಗಿತ್ತು. ಅಂದರೆ ಮಾದರಿಗಳಿಗೆ ಬರವಿರಲಿಲ್ಲ.

ಬಳ್ಳಾರಿಯ ಸಭೆಗಳಲ್ಲಿ ಹಾಡಿನ ಇತಿಹಾಸ ಬೇರೆ ದಾರಿಯದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರ ದುಡಿಮೆಯಿಂದ ಪೂರ್ಣ ಬೈಬಲ್ 1831ರ ಹೊತ್ತಿಗೆ ಕನ್ನಡಕ್ಕೆ ಬಂತು. ವಚನ ಕನ್ನಡವಾಯಿತು, ರಾಗ ಮಾತ್ರ ಬಹುಮಟ್ಟಿಗೆ ಪಶ್ಚಿಮದ್ದೇ ಉಳಿಯಿತು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿದ್ದರಿಂದ ತೆಲುಗು ಕೀರ್ತನೆಗಳ ಬಳಕೆಯೂ ಇಲ್ಲಿ ಹೆಚ್ಚು. ಈ ತಂಡದ ಸಭೆಯಲ್ಲಿ ಇಂದಿಗೂ ಒಂದೇ ಆರಾಧನೆಯಲ್ಲಿ ಕನ್ನಡದ ಎರಡು, ತೆಲುಗಿನ ಎರಡು ಹಾಡು ಆಗುತ್ತವೆ.

ಹಾಡು ಕಟ್ಟುವ ಹುಡುಗಿಗೆ ಹಳೆಯ ಗೀತೆಗಳ ಬಗ್ಗೆ ಒಂದು ತಕರಾರಿತ್ತು. ಅದು ಭಕ್ತಿಯದಲ್ಲ, ಛಂದಸ್ಸಿನದು. ಇಂಗ್ಲಿಷ್ ಸ್ತುತಿಗೀತೆಗಳಲ್ಲಿ ಬಹಳಷ್ಟು, ತಾಳದ ಪೆಟ್ಟು ಬೀಳುವ ಮುಂಚಿನ ಒಂದು ಹಗುರ ಸ್ವರದಿಂದ ಎತ್ತಿಕೊಳ್ಳುತ್ತವೆ. ಆ ಭಾಷೆಯ ಸಣ್ಣಪುಟ್ಟ ಪದಗಳು ಆ ಸ್ವರದ ಮೇಲೆ ಆರಾಮವಾಗಿ ಕೂರುತ್ತವೆ. ಕನ್ನಡ ಪದದ ತೂಕ ಮೊದಲ ಅಕ್ಷರದ ಮೇಲಿರುತ್ತದೆ. ಹಾಗಾಗಿ ಅಂಥ ರಾಗಕ್ಕೆ ‘ಕರುಣೆ’ ಎಂಬ ಪದ ಕೂರಿಸಿದರೆ ‘ಕ’ ಹಗುರ ಸ್ವರಕ್ಕೆ ಹೋಗಿ, ಪೆಟ್ಟು ‘ರು’ ಮೇಲೆ ಬಿದ್ದು, ಹಾಡುವವರ ಬಾಯಲ್ಲಿ ಅದು ‘ಕ–ರೂಣೆ’ ಆಗುತ್ತದೆ. ನಮ್ಮ ಜನಪದ ಹಾಡುಗಳಲ್ಲಿ ಅನೇಕವು ಇದಕ್ಕೆ ತಿರುಗುಮುರುಗು: ಪೆಟ್ಟು ಮೊದಲು ಬೀಳುತ್ತದೆ, ಹಾಡು ಅದರ ಹಿಂದೆ ಬರುತ್ತದೆ. ಸಂಗೀತಗಾರರು ಇದನ್ನು ಅನಾಗತ ಎನ್ನುತ್ತಾರೆ. ‘ಮೊದಲು ಬಡೀಬೇಕು, ಆಮೇಲೆ ಬಾಯಿ ತೆಗೀಬೇಕು’ ಎಂಬುದು ಹುಡುಗಿಯ ಮಾತು. ಆಲ್ಬಂನ ಎಂಟೂ ಹಾಡುಗಳು ಈ ತತ್ವದ ಮೇಲೆ ನಿಂತಿವೆ, ಮತ್ತು ನನ್ನ ಅಭಿಪ್ರಾಯದಲ್ಲಿ ಆಲ್ಬಂನ ನಿಜವಾದ ಹೊಸತನ ಗಿಟಾರಿಗೆ ಪೇಟಿ ಸೇರಿಸಿದ್ದರಲ್ಲಲ್ಲ, ಇದರಲ್ಲಿದೆ.

ಕೋಣೆ ಮತ್ತು ಪೇಟಿ

ಧ್ವನಿಮುದ್ರಣ ನಡೆದದ್ದು ಕೌಲ್ ಬಜಾರಿನ ಒಂದು ಮಹಡಿ ಕೋಣೆಯಲ್ಲಿ. ಹಗಲಲ್ಲಿ ಸುತ್ತಲಿನ ಹೊಲಿಗೆ ಯಂತ್ರಗಳ ಸದ್ದಿನಿಂದ ಏನೂ ಸಾಧ್ಯವಿರಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಕೂರುತ್ತಿದ್ದೆವು. ಗೋಡೆಗೆ ಹೊದಿಸುವ ಫೋಮ್ ಕೊಳ್ಳುವ ಹಣ ಇರಲಿಲ್ಲವಾಗಿ ಕಟಿಂಗ್ ಮಾಸ್ತರ ತನ್ನ ಘಟಕದಲ್ಲಿ ಉಳಿದ ಜೀನ್ಸ್ ಚಿಂದಿಯನ್ನು ಗೋಣಿಚೀಲಗಳಲ್ಲಿ ತುಂಬಿಸಿ ತಂದ. ಹತ್ತಿಯ ದಪ್ಪ ಬಟ್ಟೆ ಸದ್ದು ಹೀರುವುದರಲ್ಲಿ ಒಳ್ಳೆಯದು. ಹೊರದೇಶಗಳಲ್ಲಿ ಹಳೆಯ ಡೆನಿಮ್ಮಿನಿಂದಲೇ ಗೋಡೆಯ ಪದರ ಮಾಡಿ ಮಾರುತ್ತಾರೆ. ಮೂರು ಗೋಡೆಗೆ ಆಳೆತ್ತರ ಚೀಲ ಪೇರಿಸಿದ ಮೇಲೆ ಕೋಣೆಯ ಮಾರ್ದನಿ ಇಳಿಯಿತು. ನೀಲಿ ಬಣ್ಣದ ಒಂದು ವಾಸನೆ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಮೊದಲ ತೊಡಕು ಪೇಟಿಯಿಂದ ಬಂತು. ನರ್ಸ್ ನುಡಿಸುತ್ತಿದ್ದುದು ತಂದೆಯ ಕಂಪನಿ ಪೇಟಿ. ಗಿಟಾರ್, ಕೀಬೋರ್ಡುಗಳು ಜಗತ್ತಿನೆಲ್ಲೆಡೆ ‘ಎ’ ಸ್ವರ 440 ಹರ್ಟ್ಜ್ ಎಂಬ ಲೆಕ್ಕಕ್ಕೆ ನಿಲ್ಲುತ್ತವೆ. ಈ ಪೇಟಿಯಲ್ಲಿ ಅದೇ ಸ್ವರ ಫೋನಿನ ಟ್ಯೂನರಿನಲ್ಲಿ 446ರ ಆಸುಪಾಸು ತೋರಿಸಿತು. ಅರ್ಧಸ್ವರದ ಸುಮಾರು ಕಾಲು ಭಾಗದಷ್ಟು ಏರು. ಒಂಟಿಯಾಗಿ ಕೇಳಿದರೆ ಯಾರಿಗೂ ಗೊತ್ತಾಗದು, ಗಿಟಾರ್ ಜೊತೆಗಿಟ್ಟರೆ ಹಲ್ಲು ಜುಮ್ಮೆನ್ನುತ್ತದೆ. ಪೇಟಿಯ ರೀಡುಗಳನ್ನು ಒಂದೊಂದಾಗಿ ಅರದಿಂದ ಕೆರೆದು ಸ್ವರ ಇಳಿಸಬಹುದು. ನಾನು ಅದನ್ನೇ ಸೂಚಿಸಿದೆ. ‘ಅಣ್ಣಾರ, ಅಪ್ಪ ಕೂಡಿಸಿದ ಸ್ವರಕ್ಕ ಅರ ಹಚ್ಚಾಕ ನನ್ನ ಕೈಯಿ ಬರಂಗಿಲ್ಲ’ ಎಂದಳು ಆಕೆ. ಕೊನೆಗೆ ಉಳಿದ ವಾದ್ಯಗಳೆಲ್ಲವೂ ಪೇಟಿಗೆ ತಲೆಬಾಗಿದವು: ಗಿಟಾರು, ಬೇಸು ತಂತಿ ಬಿಗಿದುಕೊಂಡವು, ಕೀಬೋರ್ಡನ್ನು ಒಳಗಿನ ಸೆಟ್ಟಿಂಗಿನಿಂದ 446ಕ್ಕೆ ಏರಿಸಿದೆವು. ಬಿದಿರಿನ ಕೊಳಲನ್ನು ಏರಿಸುವ ಉಪಾಯವಿಲ್ಲದ್ದರಿಂದ ಕೊಳಲಿನ ಭಾಗವನ್ನೇ ಕೈಬಿಟ್ಟೆವು. ಯಾವ ವಾದ್ಯ ಯಾವುದಕ್ಕೆ ಹೊಂದಿಕೊಳ್ಳಬೇಕು ಎಂಬ ಪ್ರಶ್ನೆ ಹೀಗೆ ಮೊದಲ ವಾರದಲ್ಲೇ ಎದುರಾಗಿತ್ತು. ಆಗ ಅದನ್ನು ಬರೀ ಶ್ರುತಿಯ ಪ್ರಶ್ನೆ ಎಂದುಕೊಂಡಿದ್ದೆ.

ತಕರಾರಿನ ಸಾಲು

ಎಂಟನೆಯ ಹಾಡು ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯದ, ಅಂದರೆ ದೃಷ್ಟಾಂತ ಕಥೆಯ, ಮೇಲಿನದು. ಆಸ್ತಿಯ ಪಾಲನ್ನು ಹಾಳುಮಾಡಿ ತಿರುಗಿ ಬಂದ ಕಿರಿಮಗನಿಗಾಗಿ ತಂದೆ ಹಬ್ಬ ಮಾಡುತ್ತಾನೆ, ಹಿರಿಮಗ ಸಿಟ್ಟಾಗಿ ಒಳಗೆ ಬರಲೊಲ್ಲ. ಈ ಕಥೆಯ ಬಗ್ಗೆ ಹಾಡು ಬರೆಯುವವರು ಸಾಮಾನ್ಯವಾಗಿ ತಿರುಗಿ ಬಂದ ಕಿರಿಮಗನನ್ನು ಹಿಡಿಯುತ್ತಾರೆ. ಹುಡುಗಿ ಹಿರಿಮಗನನ್ನು ಹಿಡಿದಳು. ಅವನು ಹೊಲದಿಂದ ಬರುತ್ತಿದ್ದಾನೆ, ಮನೆ ಹತ್ತಿರವಾಗುತ್ತಿದ್ದಂತೆ ವಾದ್ಯದ, ಕುಣಿತದ ಸದ್ದು ಕೇಳಿಸುತ್ತದೆ, ಇದೇನೆಂದು ಆಳನ್ನು ಕರೆದು ಕೇಳುತ್ತಾನೆ. ಬಳ್ಳಾರಿ ಸೀಮೆಯ ಎರೆಹೊಲದಲ್ಲಿ ನಿಂತ ಒಬ್ಬನಿಗೆ ಊರ ಕಡೆಯಿಂದ ಯಾವ ಸದ್ದು ಕೇಳಿಸೀತು? ಅವಳ ಸಾಲು ಇದು: ‘ಹೊಲದಾಗ ನಿಂತಾನ ಹಿರಿಮಗ, ಮನಿಯಾಗ ಹಲಗಿ ಸದ್ದು.’ ಸಾಲು ಹಾಗಿದ್ದ ಮೇಲೆ ಹಾಡಿನಲ್ಲಿ ಹಲಗೆ ಇರಲೇಬೇಕು ಎಂದು ತಂಡದವರೆಲ್ಲ ಒಪ್ಪಿದರು.

ಭಾನುವಾರದ ಆರಾಧನೆಯ ನಂತರ ಕಚ್ಚಾ ಮುದ್ರಣವನ್ನು ಸಭೆಯ ಹಿರಿಯರಿಗೆ ಕೇಳಿಸಿದರು. ಆಗಿನ್ನೂ ಹಲಗೆಯ ಜಾಗದಲ್ಲಿ ಕಂಪ್ಯೂಟರಿನ ಸ್ಯಾಂಪಲ್ ಇತ್ತು. ಎಪ್ಪತ್ತು ದಾಟಿದ ಒಬ್ಬ ಹಿರಿಯರು, ಸಭೆಯಲ್ಲಿ ಎಲ್ಲರೂ ಅವರನ್ನು ತಾತ ಎನ್ನುತ್ತಾರೆ, ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಎದ್ದು ಹೊರಗೆ ಹೋದರು. ಇದು ಯಂತ್ರದ್ದು, ನಿಜವಾದ ಹಲಗೆಯಲ್ಲ ಎಂದು ಶಿಕ್ಷಕ ಅವರ ಹಿಂದೆ ಹೋಗಿ ಸಮಜಾಯಿಷಿ ಹೇಳಿದ. ‘ಯಂತ್ರದಾಗ ಬಡಿದ್ರೂ ಅದು ಹಲಗೀನ’ ಎಂದರಂತೆ. ಮರುವಾರ ಅಯ್ಯನವರ, ಅಂದರೆ ಪಾಸ್ಟರರ, ಮುಂದೆ ಮಾತು ಬಂತು. ಸಭೆಯ ಹೆಸರು ಹೇಳಿಕೊಂಡು ಹೊರಬರುವ ಆಲ್ಬಂನಲ್ಲಿ ಹಲಗೆ ಬೇಡ ಎಂದು ಮೂವರು ಹಿರಿಯರು ಹೇಳಿದರು.

ತಂಡದವರು ಇದನ್ನು ಮೊದಲು ಹಳಬರ ಮಡಿವಂತಿಕೆ ಎಂದುಕೊಂಡರು. ಡ್ರಮ್ಸ್ ಹುಡುಗನಂತೂ ತಾತನನ್ನು ಕಥೆಯ ಹಿರಿಮಗನಿಗೇ ಹೋಲಿಸಿದ: ಮನೆಯಲ್ಲಿ ಹಬ್ಬ, ಅವರು ಹೊರಗೆ ಸಿಟ್ಟಿನಿಂದ ನಿಂತಿದ್ದಾರೆ ಎಂದು. ಚಂದದ ಹೋಲಿಕೆ, ಆದರೆ ಅನ್ಯಾಯದ್ದು. ನಾನು ತಾತನ ಮನೆಗೆ ಎರಡು ಸಲ ಹೋಗಿ ಕೂತ ಮೇಲೆ ತಿಳಿದದ್ದೆಂದರೆ, ಅವರ ತಂದೆ ಊರಿನಲ್ಲಿ ಹಲಗೆ ಬಡಿಯುವ ಚಾಕರಿಯವರು. ಜಾತ್ರೆಗೆ, ಮೊಹರಮ್ಮಿನ ಅಲಾಯಿ ಕುಣಿತಕ್ಕೆ, ಸತ್ತವರ ಮನೆಗೆ, ಸರಕಾರದ ಡಂಗುರಕ್ಕೆ, ಎಲ್ಲದಕ್ಕೂ ಅವರೇ. ಕೂಲಿಯೆಂದು ಹಣ ಇರಲಿಲ್ಲ. ಸುಗ್ಗಿಯಲ್ಲಿ ಒಂದಿಷ್ಟು ಜೋಳ, ಕಾರ್ಯದ ದಿನ ಹಿತ್ತಲಲ್ಲಿ ಊಟ. ಕ್ರಿಸ್ತನನ್ನು ನಂಬಿದ ಮೇಲೆ ತಂದೆ ಮಾಡಿದ ಮೊದಲ ಕೆಲಸ ಹಲಗೆಯನ್ನು ಕೆಳಗಿಳಿಸಿದ್ದು. ಊರು ಅದನ್ನು ಸುಮ್ಮನೆ ಬಿಡಲಿಲ್ಲ, ಒಂದು ಬೇಸಿಗೆ ಬಾವಿಯ ನೀರು ಬಂದಾಯಿತು. ತಾತನ ಮಟ್ಟಿಗೆ ಹಲಗೆ ಇಲ್ಲದ ಆರಾಧನೆಯೆಂದರೆ ಆ ಬೇಸಿಗೆಗೆ ತೆತ್ತ ಬೆಲೆ.

ಹುಡುಗರ ನೆನಪಿನಲ್ಲಿ ಹಲಗೆ ಹೀಗಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಹಲಗೆ, ತಮಟೆಗಳು ಮೆರವಣಿಗೆಯ ಮುಂದೆ ನಡೆದವು, ಹೋರಾಟದ ಹಾಡಿನ ಬೆನ್ನಿಗೆ ನಿಂತವು. ಇವರು ಹಲಗೆಯನ್ನು ಮೊದಲು ಕೇಳಿದ್ದು ಕಾಲೇಜಿನ ಯುವಜನೋತ್ಸವದಲ್ಲಿ, ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ; ಚಾಕರಿಯ ಹಲಗೆಯನ್ನು ಅವರು ಕಂಡವರೇ ಅಲ್ಲ. ಒಂದೇ ಚರ್ಮ, ಒಂದೇ ಕೋಲು, ಎರಡು ತಲೆಮಾರಿಗೆ ಎರಡು ಅರ್ಥ. ಎರಡೂ ನಿಜವೇ.

ಇದು ನಮ್ಮೂರಿನ ವಿಶೇಷವೆಂದು ತಿಳಿಯಬೇಕಾಗಿಲ್ಲ. ತಮಿಳುನಾಡಿನಲ್ಲಿ ‘ಪರಟ್ಟೈ’ ಎಂದು ಹೆಸರಾಗಿದ್ದ ಥಿಯೋಫಿಲಸ್ ಅಪ್ಪಾವೂ ಜನಪದ ಸಂಗೀತವನ್ನೂ ಹಲಗೆಯಂಥದೇ ಆದ ಪರೆ ವಾದ್ಯವನ್ನೂ ಆರಾಧನೆಯೊಳಗೆ ತಂದವರು; ದೈವಶಾಸ್ತ್ರಜ್ಞ ಸತ್ಯನಾಥನ್ ಕ್ಲಾರ್ಕ್ 1998ರಲ್ಲಿ ಪರೆಯನ್ನೇ ದಲಿತ ಕ್ರೈಸ್ತರ ಧರ್ಮಚಿಂತನೆಯ ಸಂಕೇತವಾಗಿಟ್ಟುಕೊಂಡು ವಿಸ್ತಾರವಾಗಿ ಬರೆದಿದ್ದಾರೆ. ನಮ್ಮ ತಂಡದ ಮಾದರಿಯಾದ ಉತ್ತರ ಐರ್ಲೆಂಡಿನಲ್ಲಿ ಸಹ ಬ್ಯಾಂಜೊ ಯಾರನ್ನೂ ನೋಯಿಸದಿರಬಹುದು. ಆದರೆ ಅಲ್ಲಿನ ಲ್ಯಾಂಬೆಗ್ ಎಂಬ ದೊಡ್ಡ ಡೋಲು ಆರೆಂಜ್ ಎಂಬ ಪ್ರಾಟೆಸ್ಟೆಂಟ್ ಸಂಘದ ಜುಲೈ 12ರ ಮೆರವಣಿಗೆಗಳಿಗೆ ಅಂಟಿಕೊಂಡಿರುವುದರಿಂದ, ಅದರ ಸದ್ದು ಒಂದು ಕೇರಿಗೆ ಹಬ್ಬವಾದರೆ ಪಕ್ಕದ ಕೇರಿಗೆ ಬೆದರಿಕೆ. ವಾದ್ಯಗಳನ್ನು ಬೆರೆಸುವುದೆಂದರೆ ಬರೀ ಧ್ವನಿಗಳನ್ನು ಬೆರೆಸುವುದಲ್ಲ ಎಂಬುದು ಅಲ್ಲಿಯವರಿಗೂ ಹೊಸ ಪಾಠವಲ್ಲ.

ಬದಲಿ ದಾರಿಗಳು

ಅಯ್ಯನವರು ಜಾಣರು. ಹಲಗೆ ಬೇಡ, ದಮ್ಮಡಿ ಬಾರಿಸಿ, ಬೈಬಲಿನ ಕೀರ್ತನೆ 150ರಲ್ಲಿ ದಮ್ಮಡಿಗೆ ಜಾಗವಿದೆ, ಯಾರೂ ಬೆರಳು ತೋರುವಂತಿಲ್ಲ ಎಂದರು. ಬಾರಿಸಿ ನೋಡಿದೆವು. ದಮ್ಮಡಿಯದು ಹತ್ತಿರದ ಸದ್ದು, ಕೋಣೆಯೊಳಗಿನದು. ಮೈಲಿ ದೂರದ ಹೊಲಕ್ಕೆ ಅದು ಕೇಳಿಸುವುದಿಲ್ಲ. ಡೊಳ್ಳು ದೂರ ಹೋಗುತ್ತದೆ, ಆದರೆ ಅದರ ಗುಡುಗು ಬೇಸ್ ಗಿಟಾರನ್ನು ನುಂಗಿಹಾಕಿತು. ಹಾಡನ್ನೇ ಕೈಬಿಟ್ಟು ಏಳು ಹಾಡುಗಳ ಆಲ್ಬಂ ತರೋಣ ಎಂದು ಶಿಕ್ಷಕ ಒಂದು ಹಂತದಲ್ಲಿ ಹೇಳಿದ. ಹುಡುಗಿ ಎರಡು ವಾರ ರಿಯಾಜಿಗೆ ಬರಲಿಲ್ಲ. ಈ ನಡುವೆ ಮೂರು ತಿಂಗಳು ಸರಿದವು.

ತಿರುವು ಬಂದದ್ದು ತಾತನಿಂದಲೇ, ಅದೂ ನಾವು ಕೇಳದ ದಿಕ್ಕಿನಿಂದ. ಹುಡುಗಿ ಒಬ್ಬಳೇ ಅವರ ಮನೆಗೆ ಹೋಗಿದ್ದಳು. ವಾದ ಮಾಡಲು ಅಲ್ಲ, ಸಾಲನ್ನು ಬದಲಿಸುತ್ತೇನೆ ಎಂದು ಹೇಳಲು. ತಾತ ಸಾಲಿನ ಮಾತು ಬಿಟ್ಟು ಬೇರೆಯೇ ಕೇಳಿದರು: ‘ಬಡಿಯೋರು ಯಾರವ್ವ? ಅವರಿಗೆ ಎಷ್ಟು ಕೊಡ್ತೀರಿ? ಉಣ್ಣಾಕ ಒಳಗ ಕುಂದರಸ್ತೀರೋ, ಹೊರಗೋ?’ ಅವಳಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ. ಹಲಗೆ ಇರಬೇಕೋ ಬೇಡವೋ ಎಂದು ಮೂರು ತಿಂಗಳು ಕಾದಾಡಿದವರು, ಹಲಗೆ ಬಡಿಯುವ ಮನುಷ್ಯ ಒಬ್ಬನಿರುತ್ತಾನೆ ಎಂಬುದನ್ನು ಮರೆತಿದ್ದೆವು. ಸಂಡೂರು ಕಡೆಯ ಯಾರನ್ನೋ ಕರೆಸಿ, ಒಂದು ರಾತ್ರಿ ಬಡಿಸಿ, ಕೈಗಿಷ್ಟು ಕೊಟ್ಟು ಕಳಿಸುವುದೆಂದೇ ನನ್ನ ಲೆಕ್ಕದಲ್ಲಿತ್ತು.

ಆ ಮೇಲೆ ಕಾಗದದ ಮೇಲೆ ಬಂದ ಒಪ್ಪಂದ ಹೀಗಿತ್ತು. ಹಲಗೆಯ ಇಬ್ಬರು ವಾದಕರಿಗೆ, ಹೊರಗಿನಿಂದ ಬಂದು ಲೀಡ್ ಗಿಟಾರ್ ನುಡಿಸಿದವನಿಗೆ ಕೊಟ್ಟಷ್ಟೇ ಸಂಭಾವನೆ; ಆಲ್ಬಂನಲ್ಲಿ ಅವರ ಪೂರ್ಣ ಹೆಸರು; ಹಾಡಿನಿಂದ ಮುಂದೆ ಬರುವ ಹಣದಲ್ಲಿ ತಂಡದ ಐವರ ಜೊತೆ ಸಮಪಾಲು, ಅಂದರೆ ಏಳು ಪಾಲು. ಇದರಲ್ಲಿ ಔದಾರ್ಯವೇನೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು ಧ್ವನಿಮುದ್ರಣದ ವಾಣಿಜ್ಯ ಬಳಕೆಯಲ್ಲಿ ಪ್ರದರ್ಶಕರಿಗೆ ರಾಯಲ್ಟಿಯ ಹಕ್ಕನ್ನು ಕೊಟ್ಟಿದೆ, ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಗಿಟಾರಿನವನಿಗೆ ಅನ್ವಯಿಸುವುದು ಹಲಗೆಯವನಿಗೂ ಅನ್ವಯಿಸುತ್ತದೆ. ತಾತನ ಕಡೆಯಿಂದ ಒಂದೇ ಷರತ್ತು ಉಳಿಯಿತು: ಸಭೆಯ ಕಟ್ಟಡದೊಳಗೆ ಈ ಹಾಡಾಗುವಾಗ ಹಲಗೆ ಬೇಡ. ತಂಡದವರು ಒಪ್ಪಿದರು. ಅಲ್ಲಿ ಶಿಕ್ಷಕ ಗಿಟಾರಿನ ಹೊಟ್ಟೆಯ ಮೇಲೆ ಅಂಗೈಯಿಂದ ಆ ಪೆಟ್ಟು ಕೊಡುತ್ತಾನೆ. ಹಿರಿಯರು ಸೋತರೆಂದೂ ಅಲ್ಲ, ಗೆದ್ದರೆಂದೂ ಅಲ್ಲ.

ಹಲಗೆಯ ರಾತ್ರಿ

ಮುದ್ರಣಕ್ಕೆ ಗೊತ್ತಾದದ್ದು ಶ್ರಾವಣದ ಒಂದು ರಾತ್ರಿ, ಹಗಲೆಲ್ಲ ಜಿನುಗು ಮಳೆ. ಹಲಗೆಯ ಚರ್ಮಕ್ಕೆ ತೇವವೇ ವೈರಿ. ತೇವ ಹೀರಿದ ಚರ್ಮ ಸಡಿಲಾಗಿ ಸದ್ದು ಮಂಕಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಾಗಿದ್ದರೆ ಬಿಸಿಲೇ ಕಾಯಿಸಿಕೊಡುತ್ತಿತ್ತು. ವಾದಕರಿಬ್ಬರೂ ಅಣ್ಣ ತಮ್ಮಂದಿರು. ಮಹಡಿಯ ತಾರಸಿಯ ಮೇಲೆ ಹಳೆಯ ಬುಟ್ಟಿಯಲ್ಲಿ ಹುಲ್ಲು, ಪೇಪರು ಹೊತ್ತಿಸಿ, ಹಲಗೆಯನ್ನು ಉರಿಯ ಮುಂದೆ ರೊಟ್ಟಿ ತಿರುವಿದ ಹಾಗೆ ತಿರುವುತ್ತ, ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಮೊದಲು ‘ದಬ್’ ಎನ್ನುತ್ತಿದ್ದದ್ದು ಸ್ವಲ್ಪ ಸ್ವಲ್ಪವಾಗಿ ಏರಿ ‘ಟಣ್’ ಎನ್ನುವ ಹೊತ್ತಿಗೆ ದೊಡ್ಡವನು ‘ಹಾಂ, ಈಗ ನಡೀರಿ’ ಎಂದ. ತಾರಸಿಯಿಂದ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಆ ಬಿಸಿ ಇಳಿಯುವ ಮುಂಚೆ, ಎಂದರೆ ಕಾಲು ಗಂಟೆಯೊಳಗೆ, ಮುದ್ರಣ ಆಗಬೇಕು.

ನನ್ನ ತಪ್ಪು ಇಲ್ಲಿ ಬಯಲಾಯಿತು. ಉಳಿದ ಏಳು ಹಾಡುಗಳನ್ನು ಕ್ಲಿಕ್ ಟ್ರ್ಯಾಕಿನ ಮೇಲೆ ಮುದ್ರಿಸಿದ್ದೆ, ಅಂದರೆ ಗಡಿಯಾರದಂತೆ ತಪ್ಪದೆ ಬಡಿಯುವ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ನುಡಿಸುವುದು. ಇದರಲ್ಲೂ ಗಿಟಾರು, ಬೇಸು, ಪೇಟಿ ಮೊದಲೇ ಹಾಗೆ ಕೂತಿದ್ದವು. ಅವುಗಳ ಮೇಲೆ ಹಲಗೆ ಬಂದು ಕೂರಲಿ ಎಂಬುದು ನನ್ನ ಯೋಜನೆ. ಸೋದರರು ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಪ್ರಯತ್ನಿಸಿದರು. ಪೆಟ್ಟು ತಪ್ಪಲಿಲ್ಲ, ಆದರೆ ಜೀವವೇ ಇರಲಿಲ್ಲ. ಆಫೀಸಿನಲ್ಲಿ ಸಹಿ ಹಾಕಿದ ಹಾಗಿತ್ತು. ಹಲಗೆಯ ವರಸೆ ಬೆಳೆಯುತ್ತ ಬೆಳೆಯುತ್ತ ಒಂದಿಷ್ಟು ಓಡುತ್ತದೆ, ಓಡಬೇಕು. ಮೂರನೆಯ ಸಲಕ್ಕೆ ಚಿಕ್ಕವನು ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟು, ‘ಅಣ್ಣ, ಅವರನ್ನ ನಮ್ಮ ಹಿಂದ ಬರಾಕ ಹೇಳ್ರಿ’ ಎಂದ.

ಹಳೆಯ ಮುದ್ರಣ ಅಳಿಸಿದೆವು. ಐವರೂ ಕೋಣೆಯಲ್ಲಿ ಕೂತರು, ಹಲಗೆಯವರು ಬಾಗಿಲ ಬಳಿ. ಸದ್ದು ಜೋರಾದ್ದರಿಂದ ಡೈನಾಮಿಕ್ ಮೈಕನ್ನು ಒಂದೂವರೆ ಮೀಟರ್ ದೂರಕ್ಕೆ ಸರಿಸಿದೆ. ಹಾಡು ನಿಮಿಷಕ್ಕೆ 96 ಪೆಟ್ಟಿನ ನಡೆಯಲ್ಲಿ ಶುರುವಾಗಿ, ತಂದೆ ಹೊರಗೆ ಬಂದು ಹಿರಿಮಗನನ್ನು ಕರೆಯುವ ಕೊನೆಯ ಚರಣಕ್ಕೆ 108ರ ಹತ್ತಿರ ಹೋಗಿತ್ತು. ಪೇಟಿಗೆ ಗಿಟಾರ್ ಶ್ರುತಿ ಹೊಂದಿಸಿಕೊಂಡಂತೆ, ಇಲ್ಲಿ ಇಡೀ ತಂಡ ಹಲಗೆಗೆ ಲಯ ಹೊಂದಿಸಿಕೊಂಡಿತ್ತು. ಎರಡನೆಯ ಬಾರಿಗೇ ಸರಿಹೋಯಿತು. ಅದೇ ಆಲ್ಬಂನಲ್ಲಿದೆ, ಎಲ್ಲೂ ಕತ್ತರಿ ಆಡಿಸಿಲ್ಲ. ಆಮೇಲೆ ಎಲ್ಲರೂ ಅದೇ ಕೋಣೆಯಲ್ಲಿ ಜೀನ್ಸ್ ಚೀಲಗಳಿಗೆ ಒರಗಿ ಒಗ್ಗರಣೆ, ಮಿರ್ಚಿ ತಿಂದೆವು.

ಬಿಡುಗಡೆ

ಮಿಕ್ಸಿನ ಬಗ್ಗೆ ಒಂದೇ ಮಾತು. ಹಲಗೆಯ ಪೆಟ್ಟಿನ ಮೊನೆಯನ್ನು ಒತ್ತಿ ತಗ್ಗಿಸಿ ಉಳಿದದ್ದನ್ನು ಜೋರು ಮಾಡುವುದು ಸಾಮಾನ್ಯ ಪದ್ಧತಿ. ಸ್ಪಾಟಿಫೈನಂಥ ವೇದಿಕೆಗಳು ಹೇಗಿದ್ದರೂ ಎಲ್ಲ ಹಾಡುಗಳನ್ನು ಸದ್ದಿನ ಜೋರಿನ ಅಳತೆಯಲ್ಲಿ ಸುಮಾರು −14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಸಮ ಮಾಡಿ ಕೇಳಿಸುವುದರಿಂದ ಹಾಗೆ ಒತ್ತುವುದರಿಂದ ಲಾಭವಿಲ್ಲ. ಮೊನೆಯನ್ನು ಇದ್ದಂತೆಯೇ ಬಿಟ್ಟೆ.

ಹಾಡುಗಳನ್ನು ವೇದಿಕೆಗಳಿಗೆ ಏರಿಸುವ ಅರ್ಜಿಯಲ್ಲಿ ಪ್ರಕಾರ ಎಂಬ ಕಾಲಂ ಇರುತ್ತದೆ. ಕ್ರೈಸ್ತ, ಜಾನಪದ, ರಾಕ್, ಭಕ್ತಿ ಎಲ್ಲ ಇವೆ, ಮುಖ್ಯ ಪ್ರಕಾರವಾಗಿ ಆರಿಸಬಹುದಾದದ್ದು ಒಂದೇ. ಒಂದು ಸಂಜೆಯೆಲ್ಲ ಚರ್ಚೆಯಾಗಿ ‘ಜಾನಪದ’ ಮೊದಲಿಗೂ ‘ಕ್ರೈಸ್ತ’ ಎರಡನೆಯದಕ್ಕೂ ಹೋಯಿತು. ವಾದ್ಯಗಳ ಪಟ್ಟಿಯಲ್ಲಿ ಹಲಗೆ ಎಂಬುದು ಇರಲಿಲ್ಲ. ತಾಳವಾದ್ಯ ಎಂಬ ಕಾಲಂನಲ್ಲಿ ಸೋದರರ ಹೆಸರು ಹಾಕಿ, ಹಾಡಿನ ವಿವರಣೆಯಲ್ಲಿ ‘ಹಲಗೆ’ ಎಂದು ಕನ್ನಡದಲ್ಲೇ ಬರೆದೆವು. ಅವರ ಪೂರ್ಣ ಹೆಸರಿದೆ. ಅದೇ ಹೊತ್ತಿಗೆ ತಂಡದ ಐವರಲ್ಲಿ ಇಬ್ಬರು ತಮ್ಮದು ಕರೆಯುವ ಹೆಸರಷ್ಟೇ ಇರಲಿ, ಮುಖಪುಟದಲ್ಲಿ ಫೋಟೊ ಬೇಡ ಎಂದರು. ಕಾರಣ ಯಾರೂ ಕೇಳಲಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಆ ಸ್ಥಾನಮಾನ ಇಲ್ಲವಾದ್ದರಿಂದ, ಚರ್ಚಿನ ಹಾಡಿನಲ್ಲಿ ಮುಖ ತೋರಿಸುವುದು ಈ ಭಾಗದ ಎಷ್ಟೋ ಮನೆಗಳಲ್ಲಿ ಬರೀ ಹಾಡಿನ ಸಂಗತಿಯಾಗಿ ಉಳಿಯುವುದಿಲ್ಲ. ಹೀಗಾಗಿ ಮುಖಪುಟದಲ್ಲಿ ಇರುವುದು ಉರಿಯ ಮುಂದೆ ಹಿಡಿದ ಹಲಗೆಯ ಬೆನ್ನು, ಅದರ ಕಟ್ಟಿಗೆಯ ಬಳೆ, ಎರಡು ಕೈ.

ಬಿಡುಗಡೆಯ ಕಾರ್ಯಕ್ರಮ ಒಂದು ಬಯಲಿನಲ್ಲಿ, ಶಾಮಿಯಾನದ ಕೆಳಗೆ ಆಯಿತು. ಅಯ್ಯನವರು ಪ್ರಾರ್ಥನೆ ಮಾಡಿದರು. ಎಂಟನೆಯ ಹಾಡನ್ನು ಹಲಗೆಯೊಂದಿಗೇ ಹಾಡಿದರು. ತಾತ ಬಂದಿರಲಿಲ್ಲ, ಬರುತ್ತಾರೆಂದು ತಂಡದಲ್ಲಿ ಒಂದಿಬ್ಬರು ಕೊನೆಯವರೆಗೂ ದಾರಿ ನೋಡಿದರು. ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದಾಗ ಅವರ ಮೊಮ್ಮಗ ಬೈಕಿನಲ್ಲಿ ಬಂದು ನನ್ನ ಹತ್ತಿರ ನಿಂತ. ಹಲಗೆಯವರಿಗೆ ದುಡ್ಡು ಮುಟ್ಟಿತೋ ಇಲ್ಲವೋ ಕೇಳಿಕೊಂಡು ಬಾ ಎಂದು ತಾತ ಕಳಿಸಿದ್ದರು. ಶಿಕ್ಷಕ ಫೋನ್ ತೆಗೆದು ಇಬ್ಬರ ಖಾತೆಗೂ ಹಣ ಹೋದದ್ದನ್ನು ತೋರಿಸಿದ. ಹುಡುಗ ಅದರ ಫೋಟೊ ಹೊಡೆದುಕೊಂಡು ಹೋದ.